ಕಾರ್ನರ್ ಬಿಟ್ಟು ಹೊರಟ ಮಾಯಾ

ನಮ್ಮ ನಾಲ್ಕು ತಾಲೂಕುಗಳಲ್ಲಿ ಎಲ್ಲವೂ ಸ್ಥಳೀಯವೇ. ಬಿದಿರು ಸ್ಥಳೀಯ, ಕಾಳಿ ಹೊಳೆಯ ಮೊಸಳೆ ಸ್ಥಳೀಯ, ಜೋಯಿಡಾದ ಜಿಗಣೆಯಂತೂ ಎಷ್ಟು ಸ್ಥಳೀಯವೆಂದರೆ ಬಂದವರ ಊರು ವಿಚಾರಿಸಿಕೊಂಡೇ ಕಾಲಿಗೆ ಹತ್ತುತ್ತದೆ. ಕಬಡ್ಡಿಯ ರೇಡರ್ ಮಾತ್ರ ಹೊರಗಿನಿಂದ ಬರಬೇಕು. ಇದನ್ನು ಯಾವ ಸರಕಾರವೂ ಆದೇಶ ಮಾಡಿಲ್ಲ. ಆದರೂ ಉಳವಿಯಿಂದ ಮುಂಡಗೋಡದವರೆಗೆ ಯಾರನ್ನು ಕೇಳಿದರೂ, ಸೂರ್ಯ ಪೂರ್ವಕ್ಕೆ ಹುಟ್ಟುತ್ತಾನೆ ಎನ್ನುವಷ್ಟೇ ಧೈರ್ಯದಿಂದ ಹೇಳುತ್ತಿದ್ದರು: ಓಡುವವರು ಸಾಂಗ್ಲಿಯವರು, ಹರಿಯಾಣದವರು, ನಮ್ಮವರದೇನಿದ್ದರೂ ಹಿಡಿಯುವ ಕೆಲಸ.

ರೇಡರ್ ಎಂದರೆ ಉಸಿರು ಬಿಡದೆ ಕಬಡ್ಡಿ ಕಬಡ್ಡಿ ಎನ್ನುತ್ತ ಒಬ್ಬಳೇ ಎದುರಾಳಿಗಳ ಅಂಗಳಕ್ಕೆ ನುಗ್ಗಿ, ಮುಟ್ಟಿ, ವಾಪಸು ಓಡಿ ಬರುವವಳು. ಸೀಟಿ ಬೀಳುವುದು ಅವಳಿಗೆ, ಪೇಪರಿನಲ್ಲಿ ಫೋಟೊ ಬರುವುದು ಅವಳದು. ಕಾರ್ನರ್ ಎಂದರೆ ಮೂಲೆಯಲ್ಲಿ ಬಗ್ಗಿ ನಿಂತು, ನುಗ್ಗಿ ಬಂದವಳ ಕಾಲಿಗೆ ಜೋತುಬೀಳುವವಳು. ಅವಳ ಫೋಟೊವೂ ಬರುತ್ತದೆ, ಆದರೆ ಮುಖ ಮ್ಯಾಟಿನೊಳಗೆ ಹುದುಗಿರುವುದರಿಂದ ಹೆತ್ತ ತಾಯಿಗೂ ಗುರುತು ಹತ್ತುವುದಿಲ್ಲ.

ನಾಲ್ಕು ಊರಿಗೂ ಒಂದೊಂದು ತಂಡ ಕಟ್ಟಿ ಕಾಳಿ ಕಣಿವೆ ಮಹಿಳಾ ಕಬಡ್ಡಿ ಲೀಗ್ ಶುರು ಮಾಡಿದಾಗ, ಸಂಬಳ ಕೊಟ್ಟು ಆಡಿಸುವ ಲೀಗ್ ಅದು, ಯಾರೋ ಪುಣ್ಯಾತ್ಮರು ಒಂದು ನಿಯಮ ಸೇರಿಸಿದರು. ಮ್ಯಾಟಿನ ಮೇಲೆ ನಿಲ್ಲುವ ಏಳು ಜನರಲ್ಲಿ ಮೂವರು ಈ ನಾಲ್ಕು ತಾಲೂಕಿನವರೇ ಆಗಿರಬೇಕು, ಒಬ್ಬಳು ಕಡಿಮೆಯಾದರೂ ಪಂದ್ಯ ಎದುರಿನವರಿಗೆ. ಉದ್ದೇಶ ಒಳ್ಳೆಯದೇ. ಆದರೆ ನಾಲ್ಕೂ ತಂಡದ ಕೋಚುಗಳು ಆ ಮೂವರನ್ನು ಮನೆಗೆ ಬಂದ ಹೆಚ್ಚುವರಿ ಕುರ್ಚಿಗಳ ಹಾಗೆ ಮೂಲೆಗೆ ಸರಿಸಿದರು. ರೇಡಿಗೆ ಹೊರಗಿನವರು. ಅಷ್ಟೇ ಅಲ್ಲ, ಮ್ಯಾಟಿನ ಮೇಲೆ, ಯಾರ ಅಂಗಳದಲ್ಲಾದರೂ, ಬೆವರು ಬಿದ್ದರೆ ಒರೆಸುವುದೂ ಸ್ಥಳೀಯರ ಪಾಲಿಗೆ ಬಂತು. ಹೇಗೆ ಬಂತೆಂದು ಯಾರಿಗೂ ಗೊತ್ತಿಲ್ಲ. ಮೊದಲ ವರ್ಷ ಯಾವಳೋ ಮರ್ಯಾದೆಗೆಂದು ಒರೆಸಿದಳು, ಎರಡನೇ ವರ್ಷಕ್ಕೆ ಅದು ಪದ್ಧತಿಯಾಯಿತು. ಸ್ಥಳೀಯ ಹುಡುಗಿಯರೆಲ್ಲ ಸೊಂಟಕ್ಕೊಂದು ಅರಿವೆ ಸಿಕ್ಕಿಸಿಕೊಂಡೇ ಆಡುತ್ತಿದ್ದರು. ಆ ಅರಿವೆ ನೋಡಿಯೇ ಜನ ಇವರು ನಮ್ಮವರು ಎಂದು ಗುರುತಿಸುತ್ತಿದ್ದರು.

ಹಳಿಯಾಳ ತಂಡದ ಎಡ ಮೂಲೆಯಲ್ಲಿ ಹೀಗೆ ಅರಿವೆ ಸಿಕ್ಕಿಸಿಕೊಂಡು ನಿಂತವಳು ಮಾಯಾ.

ಮಾಯಾಳದು ಮುಂಡಗೋಡದ ಹತ್ತಿರದ ಒಂದು ತಾಂಡಾ. ಅಪ್ಪ ಕಾಶಿರಾಮ, ತಾಯಿ ಧರ್ಮಿಬಾಯಿ. ಮಳೆಗಾಲದಲ್ಲಿ ಇದ್ದಷ್ಟು ಹೊಲ, ಸುಗ್ಗಿ ಮುಗಿದ ಮೇಲೆ ಹಳಿಯಾಳ, ತೇರಗಾಂವ ಕಡೆ ಕಬ್ಬು ಕಡಿಯುವ ಗ್ಯಾಂಗು. ಹುಟ್ಟಿದ ದಿನ ಸೂಲಗಿತ್ತಿಯ ಬೆರಳು ಹಿಡಿದವಳು ಹೆಸರಿಡುವ ದಿನವೇ ಬಿಟ್ಟದ್ದು ಎಂದು ಕಾಶಿರಾಮ ಹೇಳುತ್ತಾನೆ. ಅಷ್ಟು ದೊಡ್ಡ ಸುಳ್ಳನ್ನು ನಾನು ಬರೆಯಲಾರೆ. ಎರಡು ದಿನ ಮೊದಲೇ ಬಿಟ್ಟಿರಬೇಕು. ತಾಂಡಾದ ಗದ್ದೆಯಲ್ಲಿ ಕೊಯ್ಲಾದ ಮೇಲೆ ಕಬಡ್ಡಿ ಆಡುವಾಗ ಅಲ್ಲಿ ಕಾರ್ನರೂ ಇರಲಿಲ್ಲ, ಕೋಚೂ ಇರಲಿಲ್ಲ. ಎಲ್ಲರೂ ನುಗ್ಗುತ್ತಿದ್ದರು. ಮಾಯಾ ಎಲ್ಲರಿಗಿಂತ ಹೆಚ್ಚು ನುಗ್ಗುತ್ತಿದ್ದಳು. ಅವಳು ಓಡಿದ ಗದ್ದೆಯನ್ನು ಮರುವರ್ಷ ನೇಗಿಲು ಹೂಡದೆಯೇ ಬಿತ್ತಿದರೆಂಬ ಮಾತಿದೆ.

ಶಾಲೆಗೆ ಹೋದಾಗ ಆಟದ ಮಾಸ್ತರರು ಅವಳ ಕೈ ನೋಡಿದರು, ಕಾಲು ನೋಡಲಿಲ್ಲ. ಕಬ್ಬು ಹಿಡಿದು ಗಟ್ಟಿಯಾದ ಕೈ ಅದು. ಮೂಲೆಗೆ ನಿಲ್ಲು ಎಂದರು. ತಾಲೂಕಿಗೆ ಹೋದಳು, ಅಲ್ಲಿಯೂ ಮೂಲೆ. ಜಿಲ್ಲೆಗೆ ಹೋದಳು, ದೊಡ್ಡ ಮೂಲೆ. ಮದುವೆಯಾಯಿತು, ಗಂಡ ದಿನೇಶ ಕಬ್ಬಿನ ಟ್ರ್ಯಾಕ್ಟರ್ ಓಡಿಸುವವನು, ಒಳ್ಳೆಯ ಮನುಷ್ಯ. ಹೆಂಡತಿ ಆಟದ ಅಭ್ಯಾಸಕ್ಕೆ ಹೋದ ದಿನ ರೊಟ್ಟಿ ಅವನೇ ಬಡಿಯುತ್ತಾನೆ. ಒಮ್ಮೆ ಏರಿನಲ್ಲಿ ಬ್ರೇಕ್ ಕೈಕೊಟ್ಟಾಗ ಆ ರೊಟ್ಟಿಯನ್ನೇ ಗಾಲಿಗೆ ಅಡ್ಡ ಇಟ್ಟು ಗಾಡಿ ನಿಲ್ಲಿಸಿದ್ದನಂತೆ. ಆಮೇಲೆ ಅದನ್ನೇ ಒರೆಸಿಕೊಂಡು ಊಟ ಮಾಡಿದ್ದು ಮಾತ್ರ ನಿಜ.

ಲೀಗಿನಲ್ಲಿ ಮಾಯಾಳ ಹಿಡಿತದ ಕೀರ್ತಿ ಬೆಳೆಯಿತು. ಅವಳು ಪಾದ ಹಿಡಿದರೆ ರೇಡರ್ ಹೋದರೂ ಪಾದ ಇಲ್ಲೇ ಉಳಿಯುತ್ತದೆ ಎಂದು ಜನ ಹೇಳಿಕೊಂಡು ನಕ್ಕರು. ಮಾಯಾ ನಗಲಿಲ್ಲ. ಮೂರು ಸೀಸನ್ ಅವಳು ಬಗ್ಗಿ ನಿಂತು ಬೇರೆಯವರ ಕಾಲುಗಳನ್ನೇ ನೋಡಿದ್ದಳು. ಈ ಕಾಲುಗಳಲ್ಲಿ ತನ್ನ ಕಾಲುಗಳಿಗಿಂತ ಹೆಚ್ಚಿನದೇನೂ ಇಲ್ಲ ಎಂಬುದು ಅವಳಿಗೆ ಅಷ್ಟು ಹತ್ತಿರದಿಂದ ಖಾತ್ರಿಯಾಗಿತ್ತು.

ಹೋದ ವರ್ಷ ಸೀಸನ್ ಶುರುವಾಗುವ ಮೊದಲು, ಹಳಿಯಾಳದ ಮೈದಾನದಲ್ಲಿ ಎಲ್ಲರೂ ಸೇರಿದ್ದಾಗ, ಅವಳು ಕೋಚ್ ಈರೇಶರ ಮುಂದೆ ಹೋಗಿ ನಿಂತಳು. ಈರೇಶ ಸರ್ ಧಾರವಾಡ ಕಡೆಯವರು, ಕೆಟ್ಟವರಲ್ಲ. ಆದರೆ ಹೊರಗಿನಿಂದ ಬಂದದ್ದರ ಮೇಲೆ ಅವರಿಗೆ ಎಷ್ಟು ನಂಬಿಕೆಯೆಂದರೆ ಶೀತವಾದರೂ ಊರಿನದಲ್ಲ, ಹುಬ್ಬಳ್ಳಿಯದು ಎಂದು ಹೇಳಿಕೊಳ್ಳುತ್ತಿದ್ದರು.

"ಸರ್, ಈ ಸಲ ನನ್ನ ರೇಡಿಗೆ ಕಳಸ್ರಿ."

"ನಿಂದು ಕೈ ಅಲ್ಲ ಮಾಯಾ, ಇಕ್ಕಳ ಐತಿ. ಇಕ್ಕಳ ತಗೊಂಡು ಯಾರರ ಓಡಸ್ತಾರೇನು?"

"ಇಕ್ಕಳಕ್ಕ ಕಾಲ ಇರೂದಿಲ್ರಿ. ನನಗ ಎರಡು ಅದಾವು."

ಹುಡುಗಿಯರು ಕಿಸಕ್ಕೆಂದರು. ತಂಡದ ಮಾಲೀಕ ಶಿವಲಿಂಗಪ್ಪನವರು ಅಲ್ಲೇ ಛತ್ರಿಯ ಕೆಳಗೆ ಕೂತಿದ್ದರು. ಜೋಯಿಡಾ ರಸ್ತೆಯಲ್ಲಿ ದೊಡ್ಡ ಹೋಮ್‌ಸ್ಟೇ ನಡೆಸುವವರು, ಪ್ರವಾಸಿಗರ ಮನಸ್ಸು ಬಲ್ಲವರು. ಅವರು ಸಮಾಧಾನದಿಂದ ತಿಳಿಹೇಳಿದರು. "ಜನ ಟಿಕೀಟ್ ತಗೊಂಡು ಬರೂದು ಹೊರಗಿನವ್ರ ಓಡೂದು ನೋಡಾಕವಾ. ನಿನ್ನ ಏನ ನೋಡ್ತಾರ? ವಾರಾ ಸಂತ್ಯಾಗ ನೋಡೇ ನೋಡ್ತಾರ."

"ಸಂತ್ಯಾಗ ನಾ ಓಡೂದಿಲ್ಲಲ್ರಿ," ಎಂದಳು ಮಾಯಾ. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದಳು: ಈ ಸೀಸನ್ ಮುಗಿಯುವುದರೊಳಗೆ ತಾನು ರೇಡ್ ಮಾಡುತ್ತೇನೆ. ಆಗದಿದ್ದರೆ ಮ್ಯಾಟ್ ಬಿಟ್ಟು ಕಬ್ಬಿಗೆ ಹೋಗುತ್ತೇನೆ. ಅಲ್ಲಿ ಯಾರೂ ಮೂಲೆಯಲ್ಲಿ ನಿಲ್ಲಿಸುವುದಿಲ್ಲ.

ಅವಳ ಮಾತು ಎಂಥದೆಂದರೆ, ಬಾಯಿಂದ ಹೊರಬಿದ್ದ ಮೇಲೆ ಅವಳೇ ಕರೆದರೂ ವಾಪಸು ಬರುವುದಿಲ್ಲ. ಈರೇಶ ಸರ್‌ಗೂ ಅದು ಗೊತ್ತಿತ್ತು. ಆದರೂ ಪಂದ್ಯದ ಮೇಲೆ ಪಂದ್ಯ ಮುಗಿಯುತ್ತ ಹೋದವು, ಮಾಯಾ ಎಡ ಮೂಲೆಯಲ್ಲೇ ಉಳಿದಳು.

ತಂಡದ ರೇಡರ್ ಪೂರ್ಣಿಮಾ ಸಾಂಗ್ಲಿಯಿಂದ ಬಂದವಳು. ಅವಳು ಮ್ಯಾಟಿನ ಮೇಲೆ ಹೆಜ್ಜೆ ಇಟ್ಟರೆ ಹುಡುಗರು ಹೊಡೆಯುವ ಸೀಟಿಗೆ ಕ್ಯಾಸಲ್‌ರಾಕ್ ಘಟ್ಟದಲ್ಲಿ ಗೂಡ್ಸ್ ಗಾಡಿ ಹೊರಡುತ್ತಿತ್ತು. ಒಳ್ಳೆಯ ಹುಡುಗಿ. ಮರಾಠಿ ಬೆರೆಸಿ ಕನ್ನಡ ಆಡುತ್ತಿದ್ದಳು. ದಿನಾ ಅಭ್ಯಾಸ ಮುಗಿದ ಮೇಲೆ ಮಾಯಾ ಅವಳನ್ನು ಬಿಡುತ್ತಿರಲಿಲ್ಲ. ಒಬ್ಬಳು ರೇಡ್ ಮಾಡುವುದು, ಇನ್ನೊಬ್ಬಳು ಹಿಡಿಯುವುದು, ಅದಲು ಬದಲು. ಒಂದು ಸಂಜೆ ಇಬ್ಬರೂ ಮ್ಯಾಟಿನ ಅಂಚಿಗೆ ಕೂತು ಚುರುಮರಿ ತಿನ್ನುವಾಗ ಮಾಯಾ ಕೇಳಿದಳು, ನಿಮ್ಮೂರಿನಲ್ಲಿ ನೀನು ಆಡಿದರೆ ಎಷ್ಟು ಜನ ಸೇರುತ್ತಾರೆ ಎಂದು.

ಪೂರ್ಣಿಮಾ ನಕ್ಕಳು. "ಅಗ ಮಾಯಾ, ನಮ್ಮ ಸಾಂಗ್ಲಿಯೊಳಗ ನನಗ ರೇಡ್ ಕೊಡಂಗಿಲ್ಲ. ಅಲ್ಲೆ ನಾ ಕಾರ್ನರ್. ರೇಡಿಗೆ ಹರಿಯಾಣಾದವ್ರು ಬರ್ತಾರ."

ಮಾಯಾಳ ಕೈಯಲ್ಲಿದ್ದ ಚುರುಮರಿ ಬಾಯಿಗೆ ಹೋಗಲಿಲ್ಲ. ಹಾಗಾದರೆ ಹರಿಯಾಣದವರು ತಮ್ಮೂರಿಗೆ ಯಾರನ್ನು ತರಿಸುತ್ತಾರೆ? ಬಹುಶಃ ಜಪಾನಿನವರನ್ನು. ಜಪಾನಿನವರು ಉಳವಿಯ ಕಡೆಯವರನ್ನು ಹುಡುಕಿಕೊಂಡು ಬರುತ್ತಿರಬೇಕು, ನಮಗೆ ಸುದ್ದಿ ತಲುಪಿಲ್ಲ ಅಷ್ಟೆ. ಆ ವಾರ ಅವಳು ಸಿಟ್ಟಿನಿಂದ ಎಷ್ಟು ಓಡಿದಳೆಂದರೆ ಮ್ಯಾಟ್ ಬಿಸಿಯಾಗಿ ಬೀದಿನಾಯಿಗಳು ಅಲ್ಲಿ ಬಂದು ಮಲಗತೊಡಗಿದವು.

ಫೈನಲ್ಲಿಗೆ ಹಳಿಯಾಳ, ದಾಂಡೇಲಿ ಬಂದವು. ಹಿಂದಿನ ದಿನ ಮಾಯಾ ತಾಂಡಾಕ್ಕೆ ಹೋಗಿ ತಾಯಿಯ ಮುಂದೆ ಕೂತು, ಸರ್ ಕಳಿಸುವುದೇ ಇಲ್ಲವಲ್ಲ ಎಂದಳಂತೆ. ಧರ್ಮಿಬಾಯಿ ಕುಡಗೋಲು ಮಸೆಯುತ್ತ ಮಗಳನ್ನು ನೋಡಿದಳು. ಲಾರಿಗೆ ಕಬ್ಬು ಹೇರುವಾಗ ತಲೆಯ ಮೇಲೆ ಹೊರೆ ಹೊತ್ತು ಒಂದೇ ಹಲಗೆಯ ಮೇಲೆ ಹತ್ತುವವರು, ಇಳಿಯುವವರು ಎಲ್ಲ ಇರುತ್ತಾರೆ.

"ಹಲಗಿ ಮ್ಯಾಲ ನಿನಗ ಯಾರರ ಬಾ ಅಂತ ಕರದಾರೇನ? ಜಾಗಾ ನೋಡಿ ನೀನ ಹತ್ತತಿ. ಅಲ್ಲೇನ ಕರಿಯೂದ ಕಾಯ್ತಿ?" ಎಂದಳು. ಮತ್ತೆ ಮಸೆಯತೊಡಗಿದಳು.

ಫೈನಲ್ ದಿನ ಇಳಿಹೊತ್ತಿಗೇ ಹಳಿಯಾಳದ ಮೈದಾನ ತುಂಬಿತ್ತು. ಜನ ಎಷ್ಟಿದ್ದರೆಂದರೆ ಒಬ್ಬ ಕೆಮ್ಮಬೇಕಾದರೆ ಪಕ್ಕದವನು ಉಸಿರು ಒಳಗೆ ಎಳೆದುಕೊಳ್ಳಬೇಕು. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ದಾಂಡೇಲಿ ಮುಂದಾಯಿತು. ಪೂರ್ಣಿಮಾಳನ್ನು ಅವರ ಐದು ಜನ ಮೇಲೆ ಬಿದ್ದು ಹಿಡಿದರು. ಅವಳು ಔಟಾಗಿ ಹೊರಗೆ ಕೂತಳು. ದಾಂಡೇಲಿಯ ಅಂಗಳದೊಳಗೆ ಆ ಗುಂಪು ಬಿದ್ದ ಜಾಗದಲ್ಲಿ ಮ್ಯಾಟ್ ತೊಯ್ದು ಹೊಳೆಯುತ್ತಿತ್ತು. ಅದಾದ ಮೇಲೆ ದಾಂಡೇಲಿಯವಳೊಬ್ಬಳು ಬಂದು ಯಾರನ್ನೂ ಮುಟ್ಟದೆ ಹೋದಳು. ಈಗ ಹಳಿಯಾಳದ ಸರದಿ, ಯಾರಾದರೂ ತಕ್ಷಣ ಹೋಗಬೇಕು.

ಈರೇಶ ಸರ್ ಸುತ್ತ ನೋಡಿದರು. ಅವರ ಕಣ್ಣು ಮಾಯಾಳ ಮೇಲಿಂದ, ಗೋಡೆಯ ಮೇಲೆ ಹಲ್ಲಿ ಹೋದ ಹಾಗೆ ಸರಿದು ಹೋಗಿ, ಹರಿಯಾಣದ ಉದ್ದನೆಯ ಹುಡುಗಿಯ ಮೇಲೆ ನಿಂತಿತು. ಆ ಹುಡುಗಿಯನ್ನು ಕರೆಸಿದ್ದೇ ನಡುವೆ ನಿಂತು ಹಿಡಿಯಲಿಕ್ಕೆ. ಹುಟ್ಟಿದಾಗಿನಿಂದ ಒಂದೂ ರೇಡ್ ಮಾಡಿದವಳಲ್ಲ. ಆದರೇನು, ಹೊರಗಿನವಳಲ್ಲವೇ. ಸರ್ ಅವಳಿಗೆ ಕೈಸನ್ನೆ ಮಾಡಿದರು. ಅವಳು ನಾನೇ ಎಂದು ಎದೆ ಮುಟ್ಟಿಕೊಂಡು ಕೇಳಿದಳು.

ಅಷ್ಟರಲ್ಲಿ ಮಾಯಾ ನಡುಗೆರೆ ದಾಟಿದ್ದಳು.

ಕಬಡ್ಡಿಯಲ್ಲಿ ಏಳು ಜನರಲ್ಲಿ ಯಾರು ಬೇಕಾದರೂ ರೇಡಿಗೆ ಹೋಗಬಹುದು. ಮೊದಲು ಗೆರೆ ದಾಟಿದವಳೇ ರೇಡರ್. ಇಬ್ಬರು ದಾಟಿದರೆ ಸರದಿಯೇ ಹೋಗುತ್ತದೆ. ಹರಿಯಾಣದವಳು ಹೋದ ಜೀವ ಬಂದಂತೆ ಅಲ್ಲೇ ನಿಂತುಬಿಟ್ಟಳು.

ಮಾಯಾ ಕಬಡ್ಡಿ ಕಬಡ್ಡಿ ಎನ್ನುತ್ತಲೇ ಹೋದಳು, ಅಂಪೈರಿಗೆ ಸ್ಪಷ್ಟವಾಗಿ ಕೇಳಿಸಿದೆ. ದಾಂಡೇಲಿಯವರ ಕಿವಿಗೂ ಬಿದ್ದಿತ್ತು, ತಲೆಗೆ ಇಳಿಯಲಿಲ್ಲ. ಎಡ ಮೂಲೆಯ ಹುಡುಗಿ, ಸೊಂಟದಲ್ಲಿ ಅರಿವೆ, ಎದುರಿಗೆ ತೊಯ್ದ ಮ್ಯಾಟ್. ಅವರು ಮೂರು ವರ್ಷದಿಂದ ನೋಡಿದ್ದನ್ನೇ ನೋಡಿದರು: ಒರೆಸಲಿಕ್ಕೆ ಬಂದಿದ್ದಾಳೆ. ಇಬ್ಬರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅವರ ನಾಯಕಿ, ದೂರದ ಊರಿಂದ ತರಿಸಿದವಳು, ಇಲ್ಲಿಯೂ ತೊಯ್ದಿದೆ ನೋಡು ಎಂದು ಕಾಲು ಮುಂದೆ ಚಾಚಿ ಬೆರಳಿನಿಂದ ಜಾಗ ತೋರಿಸಿದಳು.

ಮಾಯಾ ಬಗ್ಗಿದಳು. ಒರೆಸಲಿಲ್ಲ. ಆ ಕಾಲನ್ನು ಮುಟ್ಟಿ ತಿರುಗಿದಳು.

ಆಗ ದಾಂಡೇಲಿಗೆ ಎಚ್ಚರವಾಯಿತು. ಮೂವರು ಅವಳ ಸೊಂಟಕ್ಕೂ ಕಾಲಿಗೂ ಬಿದ್ದರು. ಕಾರ್ನರಿನಲ್ಲಿ ನಿಂತು ನೂರಾರು ಜನರನ್ನು ಎಳೆದು ಬೀಳಿಸಿದವಳಿಗೆ ಯಾರು ಎಲ್ಲಿ ಹಿಡಿಯುತ್ತಾರೆ ಎಂಬುದು ಬಾಯಿಪಾಠ. ಮೂವರನ್ನೂ ಕಬ್ಬಿನ ಹೊರೆಯ ಹಾಗೆ ಎಳೆದುಕೊಂಡು ನಡುಗೆರೆಗೆ ಬಂದು ಕೈ ಚಾಚಿದಳು. ಹಿಡಿದವರೆಲ್ಲ ಔಟ್, ಮುಟ್ಟಿಸಿಕೊಂಡವಳೂ ಔಟ್. ಮೈದಾನದಿಂದ ಎದ್ದ ಕೂಗಿಗೆ ದಾಂಡೇಲಿಯ ಮೊಸಳೆಗಳು ನೀರಿಗೆ ಬಿದ್ದವೆಂದು ನಾನು ಪ್ರಮಾಣ ಮಾಡಲಾರೆ, ಆದರೆ ಮರುದಿನ ಬಂಡೆಗಳ ಮೇಲೆ ಒಂದೂ ಇರಲಿಲ್ಲ.

ದಾಂಡೇಲಿಯವರು ಮೋಸವೆಂದು ಕೂಗಾಡಿದರು. ಅಂಪೈರ್ ತಲೆ ಅಲ್ಲಾಡಿಸಿದರು. ನಿಮ್ಮ ಕಣ್ಣಿನ ತಪ್ಪಿಗೆ ನಿಯಮ ಏನು ಮಾಡಲಿ ಎಂದರು. ಮಾಯಾಳಿಗೆ ಸೊಂಟದಲ್ಲಿ ಅರಿವೆ ಇದ್ದದ್ದೇ ಆಗ ನೆನಪಾಗಿದ್ದು. ಅದನ್ನು ತೆಗೆದು ಈರೇಶ ಸರ್ ಕುರ್ಚಿಯ ಮೇಲೆ ಇಟ್ಟು ಬಂದಳು. ಎಸೆಯಲಿಲ್ಲ, ಮಡಿಸಿ ಇಟ್ಟಳು.

ಅರ್ಧ ಆಟ ಮುಗಿಯಿತು. ಮಾಲೀಕರು ಸರ್ ಕಿವಿಯಲ್ಲಿ ಏನೋ ಹೇಳಿದರು. ಕೇಳದೆ ಹೋದವಳನ್ನು ಹಾಗೆಯೇ ಬಿಟ್ಟರೆ ನಾಳೆ ಎಲ್ಲರೂ ಹೋಗುತ್ತಾರೆ ಎಂಬ ಅರ್ಥದ ಮಾತು. ಈರೇಶ ಸರ್ ಮಾಯಾಳನ್ನು ಹೊರಗೆ ಕೂರಲು ಹೇಳಿ, ಬೆಂಚಿನ ಮೇಲಿದ್ದ ಮಧುಮತಿಯನ್ನು ಕರೆದರು. ಮಾಯಾ ಹೊರಗೆ ಬಂದರೆ ಇನ್ನೊಬ್ಬ ಸ್ಥಳೀಯಳೇ ಒಳಗೆ ಹೋಗಬೇಕು. ಬೆಂಚಿನ ಮೇಲೆ ಉಳಿದಿದ್ದ ಸ್ಥಳೀಯಳು ಅವಳೊಬ್ಬಳೇ. ಮಧುಮತಿಯ ಅಪ್ಪ ದಾಂಡೇಲಿಯ ಕಾಗದದ ಗಿರಣಿಯಲ್ಲಿ ಕೆಲಸಕ್ಕಿದ್ದವರು. ಹುಡುಗಿ ಮಾತು ಕಡಿಮೆ. ಮೂರು ಸೀಸನ್‌ನಲ್ಲಿ ಅವಳ ಧ್ವನಿ ಹೇಗಿದೆ ಎಂದು ಯಾರಿಗೂ ಗೊತ್ತಿರಲಿಲ್ಲ.

"ನನ್ನ ಕಾಲ ಹಿಡದಾವ್ರಿ ಸರ್," ಎಂದಳು ಮಧುಮತಿ.

"ಇಷ್ಟೊತ್ತನಕ ಬೆಂಚಿನ ಮ್ಯಾಲ ಕುಂತಿದ್ದಿ. ಕುಂತ ಕಾಲ ಹೆಂಗ ಹಿಡೀತಾವು?"

"ಕುಂತು ಕುಂತು ಹಿಡದಾವ್ರಿ. ಮೂರು ವರ್ಷ ಆತು."

ಸರ್ ಮಾಲೀಕರನ್ನು ನೋಡಿದರು, ಮಾಲೀಕರು ನಿಯಮದ ಫಲಕ ನೋಡಿದರು. ಮೂವರಲ್ಲಿ ಒಬ್ಬಳು ಕಡಿಮೆಯಾದರೆ ಕಪ್ಪು ದಾಂಡೇಲಿಗೆ. ಮಾಯಾ ಎದ್ದು ಮ್ಯಾಟಿಗೆ ಹೋದಳು. ಎರಡನೇ ಅರ್ಧದಲ್ಲಿ ಮ್ಯಾಟ್ ಒರೆಸಿದವರು ಯಾರು ಗೊತ್ತೇ? ಈರೇಶ ಸರ್. ಅರಿವೆ ಅವರ ಕುರ್ಚಿಯ ಮೇಲೆಯೇ ಇತ್ತಲ್ಲ.

ಇಲ್ಲಿಂದ ಮುಂದೆ ಮಾಯಾ ಗಾಳಿಯಾದಳು, ಮಿಂಚಾದಳು ಎಂದು ಬರೆಯಬಹುದಿತ್ತು. ಅದು ನನ್ನ ಕೈಗೆ ಹತ್ತಿದ ಕೆಲಸ. ಆದರೆ ಆದದ್ದು ಬೇರೆ. ಈಗ ದಾಂಡೇಲಿಯವರಿಗೆ ಅವಳು ಯಾಕೆ ಬರುತ್ತಾಳೆಂದು ಗೊತ್ತಿತ್ತು. ಮೊದಲ ಸಲ ಹೋದಳು, ಸಿಕ್ಕಿಬಿದ್ದಳು. ಪೂರ್ಣಿಮಾ ಅಂಕ ತಂದು ಅವಳನ್ನು ಮತ್ತೆ ಒಳಗೆ ಕರೆಸಿಕೊಂಡಳು. ಮತ್ತೆ ಹೋದಳು. ಮತ್ತೆ ಸಿಕ್ಕಿಬಿದ್ದಳು, ಈ ಸಲ ಮಾಲೀಕರ ಕಾಲಬುಡದಲ್ಲೇ. ಜನರೊಳಗಿಂದ ಯಾವನೋ, ಮೂಲೆಗೆ ಹೋಗವಾ ಎಂದು ಕೂಗಿದ. ನಾಲ್ಕು ಜನ ನಕ್ಕರು. ಸಾಲಿನಲ್ಲಿದ್ದ ದಿನೇಶ ಎದ್ದು ಅವನನ್ನು ಹುಡುಕತೊಡಗಿದ. ಪಕ್ಕದವರು ಅಂಗಿ ಹಿಡಿದು ಕೂರಿಸಿದರು.

ಮೂರನೇ ಸಲ ಅವಳು ಒಳಗೆ ಬಂದಾಗ ಎರಡೂ ತಂಡ ಸಮ ಸಮ ಇದ್ದವು, ಉಳಿದದ್ದು ಹಳಿಯಾಳದ ಕೊನೆಯ ರೇಡ್ ಒಂದೇ. ಸರ್ ಗೆರೆಯ ಪಕ್ಕಕ್ಕೇ ಬಂದು ನಿಂತು ಪೂರ್ಣಿಮಾಳತ್ತ ಬೆರಳು ಮಾಡಿದರು. ಮಾಯಾಳಿಗೆ ಸಣ್ಣ ಧ್ವನಿಯಲ್ಲಿ, ಸಿಟ್ಟಿಲ್ಲದೆ ಹೇಳಿದರು. "ನೋಡಿದಿಲ್ಲೋ? ಎರಡೂ ಸಲ ಸಿಕ್ಕಿ. ಹಿಡಿಯೂದು ನಿಂದು, ಓಡೂದು ನಿಂದಲ್ಲ."

ಮಾಯಾ ಮೊಣಕಾಲಿನ ಧೂಳು ಕೊಡವಿಕೊಂಡಳು. "ಪೂರ್ಣಿಮಾನೂ ಇವತ್ತ ಎಷ್ಟ ಸಲ ಸಿಕ್ಕಾಳ್ರಿ? ಆಕಿಗೆ ಒಮ್ಮಿಯರ ಅಂದೀರೇನು, ಓಡೂದು ನಿಂದಲ್ಲ ಅಂತ? ಆಕಿ ಸಿಕ್ಕರ ರೇಡರ್ ಸಿಕ್ಕಳು. ನಾ ಸಿಕ್ಕರ ತಾಲೂಕಿಗೆ ತಾಲೂಕ ಸಿಕ್ಕಂಗ ಮಾಡ್ತೀರಿ. ನನಗೂ ಸಿಕ್ಕ ಬೀಳೂ ಹಕ್ಕ ಐತ್ರಿ ಸರ್."

ಸರ್ ಮತ್ತೆ ಪೂರ್ಣಿಮಾಳತ್ತ ಬೆರಳು ಮಾಡಿದರು. ಪೂರ್ಣಿಮಾ ಗೆರೆಯ ಹತ್ತಿರ ಬಂದವಳು ಎರಡು ಹೆಜ್ಜೆ ಹಿಂದೆ ಸರಿದು ಸೊಂಟಕ್ಕೆ ಕೈಯಿಟ್ಟು ನಿಂತಳು. ಮಾಯಾ ಹೋದಳು.

ಬಲಕ್ಕೆ ಹೋದಂತೆ ಮಾಡಿ ನಿಂತಳು. ದಾಂಡೇಲಿಯವರು ಕಾದರು. ಅವಳೂ ಕಾದಳು. ಉಸಿರಿನ ಜೊತೆ ಶಬ್ದ ಸಣ್ಣದಾಗುತ್ತ ಬಂತು. ಉಸಿರು ಮುಗಿಯಿತು ಎಂದುಕೊಂಡು ಅವರ ಎಡ ಮೂಲೆಯವಳು ಕಾಲಿಗೆ ಹಾರಿದಳು. ಅವಳೂ ನಮ್ಮ ಕಡೆಯವಳೇ, ಮೂಲೆಯಲ್ಲೇ ಬೆಳೆದವಳು. ಎಲ್ಲಿ ಹಾರುತ್ತಾಳೆಂದು ಮಾಯಾಳಿಗೆ ಗೊತ್ತಿತ್ತು, ತಾನೇ ಆಗಿದ್ದರೂ ಅಲ್ಲಿಗೇ ಹಾರುತ್ತಿದ್ದಳು. ಕಾಲು ಎತ್ತಿಕೊಂಡಳು, ಹಾರಿಬಂದವಳ ಬೆನ್ನು ಮುಟ್ಟಿದಳು, ತಿರುಗಿ ಓಡಿದಳು. ಬೆನ್ನ ಹಿಂದೆ ಬಿದ್ದ ಕೈಗಳಿಗೆ ಅವಳ ಅಂಗಿಯ ಒಂದು ಚೂರು ಸಿಕ್ಕಿತು. ಹಳಿಯಾಳ ಒಂದು ಅಂಕದಿಂದ ಗೆದ್ದಿತು.

ಬಹುಮಾನದ ಹೊತ್ತಿಗೆ ಶಿವಲಿಂಗಪ್ಪನವರು ಮೈಕ್ ಹಿಡಿದು, ಹೊಗಳಿ ಹೊಗಳಿ, ಉತ್ತಮ ಹಿಡಿತದ ಆಟಗಾರ್ತಿ ಮಾಯಾ ಎಂದು ಕರೆದರು. ಉತ್ತಮ ರೇಡರ್ ಹೊರಗಿನವಳಿಗೆ, ಉತ್ತಮ ಹಿಡಿತ ಸ್ಥಳೀಯಳಿಗೆ, ಪ್ರತಿ ವರ್ಷ ಹಾಗೆಯೇ. ಮಾಯಾ ವೇದಿಕೆ ಹತ್ತಿದಳು. ಕಪ್ಪು ನೋಡಿದಳು. ಕೈ ಚಾಚಲಿಲ್ಲ.

"ಹಿಡಿಯೋರ ಕಪ್ಪ ಹಿಡಿಯೋರಿಗೆ ಕೊಡ್ರಿ. ನಾ ರೇಡರ್ ಅದೇನಿ."

ಮೈಕ್ ಚಾಲೂ ಇತ್ತು, ಇಡೀ ಮೈದಾನಕ್ಕೆ ಕೇಳಿತು. ರೇಡರ್ ಕಪ್ಪು ಪೂರ್ಣಿಮಾಳಿಗೆ ಆಗಿಬಿಟ್ಟಿದೆಯಲ್ಲವ್ವಾ ಎಂದು ಮಾಲೀಕರು ಗುಣುಗಿದರು. ಆಗಲಿ, ಅವಳು ವರ್ಷವೆಲ್ಲ ಓಡಿದ್ದಾಳೆ, ಅದು ಅವಳದೇ, ನನ್ನದನ್ನು ಬರುವ ವರ್ಷ ನಾನೇ ತೆಗೆದುಕೊಳ್ಳುತ್ತೇನೆ ಎಂದು ಹೇಳಿ ಮಾಯಾ ಬರಿಗೈಯಲ್ಲಿ ಇಳಿದಳು. ಆ ಕಪ್ಪು ಈಗ ಶಿವಲಿಂಗಪ್ಪನವರ ಹೋಮ್‌ಸ್ಟೇಯಲ್ಲಿದೆ. ಪ್ರವಾಸಿಗರು ಅದರ ಮೇಲೆ ತೊಯ್ದ ಟೊಪ್ಪಿಗೆ ಒಣಹಾಕುತ್ತಾರೆ.

ಈ ವರ್ಷದ ಅಭ್ಯಾಸ ಮೊನ್ನೆ ಶುರುವಾಯಿತು. ಈರೇಶ ಸರ್ ಎಲ್ಲರನ್ನೂ ನಿಲ್ಲಿಸಿ, ಯಾರು ಯಾವ ಜಾಗ ಎಂದು ಹೇಳುತ್ತ ಬಂದರು. ಮಾಯಾಳ ಹೆಸರು ಬಂತು. ನೀರು ಕುಡಿದರು. ಆಕಾಶ ನೋಡಿದರು. ಗಂಟಲೊಳಗೇ "ರೇಡರ್" ಎಂದರು.

"ಜೋರಾಗಿ ಅನ್ರಿ ಸರ್," ಎಂದಳು ಮಾಯಾ. "ಹಿಂದ ನಿಂತವ್ರಿಗೆ ಕೇಳಲಿಲ್ಲ."

ಹಿಂದೆ ಮಧುಮತಿ ನಿಂತಿದ್ದಳು. ಸರ್ ಜೋರಾಗಿ ಅಂದರು.